ತೊಗಟೆಯ ಮೇಲಿನ ಮಂದೆ: ತೊಗಟೆಹೇನುಗಳನ್ನು ಗುರುತಿಸುವ, ಸಾಕುವ ಬಗೆ

ಮಳೆ ಬಿದ್ದು ಎರಡು ದಿನ ಆದಮೇಲೆ ಹಳೆಯ ಮಾವಿನ ಮರದ ಕಾಂಡವನ್ನು ಹತ್ತಿರದಿಂದ ನೋಡಿ. ಅಂಗೈಯಗಲ ಜಾಗದಲ್ಲಿ ಯಾರೋ ಕರಿ ಎಳ್ಳು ಅಂಟಿಸಿಟ್ಟ ಹಾಗೆ ಕಂಡರೆ ಬೆರಳನ್ನು ಮೆಲ್ಲಗೆ ಹತ್ತಿರ ತನ್ನಿ. ಎಳ್ಳೆಲ್ಲ ಒಟ್ಟಿಗೆ ಮಿಸುಕಿ, ಕುರಿಮಂದೆ ದಾರಿ ಬಿಡುವ ಹಾಗೆ ಕಾಂಡದ ಆಚೆ ಬದಿಗೆ ಸರಿದುಹೋಗುತ್ತದೆ. ಸ್ವಲ್ಪ ಹೊತ್ತು ಅಲುಗದೆ ನಿಂತರೆ ಮತ್ತೆ ಒಂದೆಡೆ ಸೇರುತ್ತದೆ. ಇವು ಸೋಸಿಡ್ ಎಂಬ ಹುಳುಗಳ ಮರಿಗಳು. ನಮ್ಮ ಕಡೆ ಇವಕ್ಕೆ ಬಳಕೆಯ ಹೆಸರು ನನಗೆ ಸಿಕ್ಕಿಲ್ಲ. ಹಾಗಾಗಿ ತೊಗಟೆಹೇನು ಎಂದೇ ಕರೆಯುತ್ತೇನೆ.

ನಾನು ಇವನ್ನು ಮೊದಲು ಗಮನಿಸಿದ್ದು ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ನಮ್ಮ ಹುಳುಮನೆಯ ಪಕ್ಕದ ಮಾವಿನ ಮರದಲ್ಲಿ. ಅವತ್ತು ಚಿಕ್ಕಪ್ಪ ಕಾಂಡ ನೋಡಿ, "ಅತ್ತಿಗೆ, ಮರಕ್ಕೆ ಹೇನು ಬಿದ್ದವೆ. ಹಿಂಗೇ ಬಿಟ್ರೆ ಒಣಗೋಗ್ತೈತೆ, ಔಷಧಿ ಹೊಡೆದುಬಿಡ್ತೀನಿ" ಅಂದರು. ಅಮ್ಮ ಸೊಪ್ಪು ಹಾಕುತ್ತಿದ್ದವರು ಅಲ್ಲಿಂದಲೇ ಕೂಗಿದರು: "ಒಳಗೆ ಹುಳ ಮೂರನೇ ಜ್ವರಕ್ಕೆ ಕೂತವೆ, ನೀನು ಪಕ್ಕದಾಗೆ ಔಷಧಿ ಹೊಡೀತೀಯೇನಪ್ಪಾ?" ಜ್ವರ ಅಂದರೆ ರೇಷ್ಮೆ ಹುಳು ಪೊರೆ ಕಳಚಲು ಅಲುಗದೆ ಕೂರುವ ಹೊತ್ತು. ರೇಷ್ಮೆ ಮನೆಯಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಗಾಳಿಗೆ ಹಾರಿದ ಕೀಟನಾಶಕ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ತಟ್ಟೆಗಟ್ಟಲೆ ಹುಳು ಸಾಯುತ್ತವೆ. ಪಂಪು ಕೆಳಗಿಳಿಯಿತು. ಮರ ಒಣಗಲಿಲ್ಲ. ಆರು ವಾರದ ಹೊತ್ತಿಗೆ ಮಂದೆಯೂ ಇರಲಿಲ್ಲ, ರೆಕ್ಕೆ ಬಂದು ಚದುರಿಹೋಗಿತ್ತು.

ಈ ಹುಳು ಮರವನ್ನು ತಿನ್ನುವುದಿಲ್ಲ. ರಸ ಹೀರುವ ಕೊಂಡಿ ಇದರ ಬಾಯಲ್ಲಿ ಇಲ್ಲವೇ ಇಲ್ಲ. ತೊಗಟೆಯ ಮೇಲೆ ಬೆಳೆದ ಪಾಚಿ, ಕಲ್ಲುಹೂವು, ಬೂಷ್ಟಿನ ಕಣಗಳು, ಗಾಳಿಗೆ ಬಂದು ಬಿದ್ದ ಪರಾಗ, ಕೊಳೆತ ಚೂರುಪಾರು, ಇಷ್ಟೇ ಊಟ. ಆದ್ದರಿಂದ ಈ ಲೇಖನದ ಮೊದಲ ಹೆಜ್ಜೆ: ಕಾಂಡದ ಮೇಲೆ ಗುಂಪು ಕಂಡರೆ ಪಂಪನ್ನು ಕೆಳಗಿಟ್ಟು ಮಸೂರ ಹಿಡಿಯಿರಿ. ಅನುಮಾನ ಉಳಿದರೆ ನಾಲ್ಕು ಹುಳುವನ್ನು ಶೀಶೆಯಲ್ಲಿ ಹಾಕಿಕೊಂಡು ಚಿಂತಾಮಣಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ, ಆಮೇಲೆ ತೀರ್ಮಾನ ಮಾಡಿ.

ಹೇನು ಎಂಬ ಮಾತು ಕೇಳಿ ತಲೆ ಕೆರೆದುಕೊಳ್ಳಬೇಕಿಲ್ಲ. ಇವು ಕಚ್ಚುವುದಿಲ್ಲ, ಮೈಗೆ ಹತ್ತುವುದಿಲ್ಲ. ಆದರೆ ನಂಟು ಮಾತ್ರ ನಿಜ. ಹಿಂದೆ ಸೋಸಿಡ್‌ಗಳನ್ನು ಸೋಕಾಪ್ಟೆರಾ ಎಂಬ ಪ್ರತ್ಯೇಕ ಗಣದಲ್ಲಿ ಇಡುತ್ತಿದ್ದರು. ತಲೆಹೇನು, ಕೋಳಿಹೇನುಗಳು ಹುಟ್ಟಿಬಂದಿದ್ದೇ ಈ ಗುಂಪಿನ ಒಳಗಿನಿಂದ ಎಂದು ಗೊತ್ತಾದ ಮೇಲೆ ಎಲ್ಲವನ್ನೂ ಸೇರಿಸಿ ಸೋಕೋಡಿಯಾ ಎಂಬ ಒಂದೇ ಗಣ ಮಾಡಿದ್ದಾರೆ. ಹಳೆಯ ಪುಸ್ತಕದ ಹಾಳೆಗಳ ನಡುವೆ, ರಾಗಿ ಹಿಟ್ಟಿನ ಡಬ್ಬದ ಅಂಚಿನಲ್ಲಿ ಓಡಾಡುವ ಮಾಸಲು ಬಣ್ಣದ, ರೆಕ್ಕೆಯಿಲ್ಲದ ಚುಕ್ಕೆಯಂಥ ಪುಸ್ತಕಹೇನು ಇದೆಯಲ್ಲ, ಅದು ಮರದ ಮೇಲಿನ ತನ್ನ ಬಂಧುಗಳಿಗಿಂತ ತಲೆಹೇನಿಗೇ ಹತ್ತಿರದ ಸಂಬಂಧಿ. ಪರಾವಲಂಬಿ ಹೇನುಗಳನ್ನು ಬಿಟ್ಟು ಎಣಿಸಿದರೂ ಲೋಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಜಾತಿಯ ಸೋಸಿಡ್‌ಗಳಿಗೆ ಹೆಸರಿಟ್ಟಾಗಿದೆ.

ಎಲ್ಲಿ, ಯಾವಾಗ ಹುಡುಕಬೇಕು

ಚಿಕ್ಕಬಳ್ಳಾಪುರ, ಕೋಲಾರದ ಬಯಲಲ್ಲಿ ಹುಬ್ಬೆ ಮಳೆಯಿಂದ ಸ್ವಾತಿ ಮಳೆಯವರೆಗೆ, ಅಂದರೆ ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ, ಹುಡುಕಲು ಒಳ್ಳೆಯ ಕಾಲ. ಮಳೆಗೆ ತೊಗಟೆಯ ಪಾಚಿ ಹಸಿರಾಗುತ್ತದೆ, ಅದರ ಹಿಂದೆಯೇ ಹುಳುಗಳು ಬರುತ್ತವೆ. ಶಿವರಾತ್ರಿ ಕಳೆದ ಮೇಲೆ ಕಾಂಡದ ಮೇಲೆ ಹುಡುಕುವುದು ವ್ಯರ್ಥ ಶ್ರಮ. ಆಗ ಬಾವಿಯ ಪಕ್ಕದ, ತೊಟ್ಟಿಯ ಪಕ್ಕದ ಮರಗಳಲ್ಲಿ ಮಾತ್ರ ನೋಡಿ.

ಮರ ಯಾವುದು ಅನ್ನುವುದಕ್ಕಿಂತ ತೊಗಟೆ ಹೇಗಿದೆ ಅನ್ನುವುದು ಮುಖ್ಯ. ಬಿರುಕುಬಿಟ್ಟ, ಉತ್ತರದ ಕಡೆ ಹಸಿರು ಹತ್ತಿದ ಹುಣಸೆ, ಮಾವು, ನೇರಳೆ, ಹಲಸು ಒಳ್ಳೆಯವು. ನೀಲಗಿರಿ ಮರದಲ್ಲಿ ಸುಲಿದು ನೇತಾಡುವ ತೊಗಟೆಯ ಒಳಬದಿ ತೆಗೆದು ನೋಡಿ. ಜನ ನೋಡದೆ ಬಿಡುವ ಇನ್ನೊಂದು ಜಾಗವಿದೆ. ಗಿಡದಲ್ಲೇ ಒಣಗಿ ಜೋತುಬಿದ್ದ ಎಲೆಗಳು: ಬಾಳೆಯ ಒಣಗಿದ ಎಲೆ, ತೆಂಗಿನ ಒಣಗರಿ, ಮುರಿದ ಕೊಂಬೆಯ ಸುರುಳಿ ಎಲೆಗಳು. ನೆಲಕ್ಕೆ ಬಿದ್ದ ತರಗಿಗಿಂತ ಗಿಡದಲ್ಲಿ ತೂಗುವ ಒಣ ಎಲೆಯಲ್ಲೇ ಹೆಚ್ಚು ಹುಳು ಸಿಗುತ್ತವೆ. ಹೊಸಬರಿಗೆ ಇದೇ ಸುಲಭದ ಜಾಗ, ಸಾಕಲು ಹಗುರವಾದ ಜಾತಿಗಳಿರುವುದೂ ಇಲ್ಲೇ.

ಔಷಧಿ ಹೊಡೆದ ದ್ರಾಕ್ಷಿ ತೋಟದ ಹತ್ತಿರ ಹೋಗಬೇಡಿ. ಜಿಗಿಹುಳುವಿಗೆಂದು ಹೂ ಬಿಡುವ ಕಾಲದಲ್ಲಿ ಸಿಂಪಡಿಸಿದ ಮಾವೂ ಬೇಡ. ಬೋರ್ಡೋ ದ್ರಾವಣದ ತಾಮ್ರ ಪಾಚಿಯನ್ನೇ ಸಾಯಿಸುವುದರಿಂದ ಅದನ್ನು ಬಳಿದ ಕಾಂಡದಲ್ಲಿ ಹುಳುವಿಗೆ ಊಟವಿರುವುದಿಲ್ಲ.

ನಂದಿಬೆಟ್ಟ 1478 ಮೀಟರ್ ಎತ್ತರದಲ್ಲಿದೆ. ಮೇಲೆ ಮಂಜು ಕವಿಯುವ ಮರಗಳ ತುಂಬ ಕಲ್ಲುಹೂವು, ಹಾವಸೆ. ಅಲ್ಲಿ ನೋಡಿ, ಫೋಟೊ ತೆಗೆಯಿರಿ, ಆದರೆ ಏನನ್ನೂ ಕೀಳಬೇಡಿ, ತರಬೇಡಿ. ಕಾಯ್ದಿಟ್ಟ ಅರಣ್ಯದಲ್ಲಿ ಹುಳು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಾಕಲು ನಿಮ್ಮ ಹಿತ್ತಲು, ನೆಂಟರ ತೋಟ ಧಾರಾಳವಾಗಿ ಸಾಕು.

ಹಿಡಿಯುವ ಬಗೆ

ಬಿಳಿ ಅಥವಾ ತಿಳಿ ಬಣ್ಣದ ಕೊಡೆಯೊಂದನ್ನು ಬಿಚ್ಚಿ, ತಲೆಕೆಳಗು ಮಾಡಿ ಕೊಂಬೆಯ ಕೆಳಗೆ ಹಿಡಿಯಿರಿ. ಕೋಲಿನಿಂದ ಕೊಂಬೆಗೆ ಎರಡು ಗಟ್ಟಿ ಪೆಟ್ಟು. ಕೊಡೆಯೊಳಗೆ ಜೇಡ, ಇರುವೆ, ಕಸ ಎಲ್ಲ ಬೀಳುತ್ತವೆ. ಅವುಗಳ ನಡುವೆ ಅಕ್ಕಿನುಚ್ಚಿಗಿಂತ ಸಣ್ಣ ಹುಳುವೊಂದು ಬಿದ್ದ ಕೂಡಲೇ ಎದ್ದು ಗುಡುಗುಡು ಓಡಿ, ನಿಂತು, ಮೀಸೆ ಆಡಿಸಿ, ಹಿಂದಕ್ಕೂ ಹೆಜ್ಜೆ ಇಟ್ಟು, ಮತ್ತೆ ಓಡಿದರೆ ಅದು ಬಹುಪಾಲು ನಮ್ಮದೇ. ಈ ನಡಿಗೆ ಒಮ್ಮೆ ಕಣ್ಣಿಗೆ ಹಿಡಿದರೆ ಮರೆಯುವುದಿಲ್ಲ.

ಬೆರಳಲ್ಲಿ ಹಿಡಿದರೆ ಜಜ್ಜಿಹೋಗುತ್ತದೆ. ಸೊನ್ನೆ ನಂಬರಿನ ಚಿತ್ರಕಲೆಯ ಕುಂಚದ ತುದಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಹುಳುವಿನ ಬೆನ್ನಿಗೆ ಸೋಕಿಸಿದರೆ ಅಂಟಿಕೊಂಡು ಬರುತ್ತದೆ. ಹೆಚ್ಚು ಹಿಡಿಯುವುದಿದ್ದರೆ ಹೀರುಶೀಶೆ ಮಾಡಿಕೊಳ್ಳಿ. ಸಣ್ಣ ಔಷಧಿ ಶೀಶೆಯ ಮುಚ್ಚಳಕ್ಕೆ ಎರಡು ತೂತು, ಎರಡಕ್ಕೂ ಸಲೈನ್ ಪೈಪಿನ ತುಂಡು. ಒಂದನ್ನು ಹುಳುವಿನ ಹತ್ತಿರ ಹಿಡಿದು ಇನ್ನೊಂದನ್ನು ಬಾಯಲ್ಲಿ ಹೀರಿದರೆ ಹುಳು ಶೀಶೆಯೊಳಗೆ ಬೀಳುತ್ತದೆ. ಹೀರುವ ಪೈಪಿನ ಒಳತುದಿಗೆ ಮಲ್ ಬಟ್ಟೆ ಬಿಗಿಯಾಗಿ ಕಟ್ಟಿರಬೇಕು, ಇಲ್ಲದಿದ್ದರೆ ಹುಳು, ಧೂಳು ಎರಡೂ ಗಂಟಲಿಗೆ ಹೋಗುತ್ತವೆ. ಶೀಶೆಯಲ್ಲಿ ಒಂದು ಚೂರು ಕಾಗದ ಹಾಕಿಡಿ, ಹುಳುಗಳಿಗೆ ಹಿಡಿದು ನಿಲ್ಲಲು.

ಮಂದೆ ಸಿಕ್ಕಿತೆಂದು ಇಡೀ ಮಂದೆಯನ್ನು ಬಾಚಿಕೊಳ್ಳಬೇಡಿ. ಹತ್ತು ಹದಿನೈದು ಮರಿ ಸಾಕು. ಜತೆಗೆ ಅವು ಮೇಯುತ್ತಿದ್ದ ಜಾಗದ್ದೇ ತೊಗಟೆಯ ಚೂರು ತನ್ನಿ. ಅದನ್ನು ಮರೆತು ಬಂದರೆ ಸಾಕಣೆ ಅರ್ಧ ಕೆಟ್ಟ ಹಾಗೆ.

ಇದು ತೊಗಟೆಹೇನು ಹೌದೋ ಅಲ್ಲವೋ

ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಮಸೂರ ಒಂದು, ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಒಂದು, ಇವೆರಡಿದ್ದರೆ ಬಹಳ ದೂರ ಹೋಗಬಹುದು.

ಮೊದಲು ಮುಖ ನೋಡಿ. ತೊಗಟೆಹೇನಿಗೆ ಮೈಗೆ ಹೋಲಿಸಿದರೆ ದೊಡ್ಡ ತಲೆ. ಕಣ್ಣುಗಳ ನಡುವೆ, ಬಾಯಿಯ ಮೇಲ್ಗಡೆ, ಕಡುಬಿನ ಹಾಗೆ ಉಬ್ಬಿದ ಭಾಗವೊಂದಿದೆ. ಇಷ್ಟು ದಪ್ಪ ಮೂಗಿನಂತೆ ಕಾಣುವ ಉಬ್ಬು ಬೇರೆ ಸಣ್ಣ ಹುಳುಗಳಲ್ಲಿ ಅಪರೂಪ. ತಿಂದದ್ದನ್ನು, ತೇವವನ್ನು ಒಳಗೆಳೆಯುವ ಬಾಯಿಯ ಸ್ನಾಯುಗಳು ಅದರೊಳಗಿವೆ. ಬಾಯೊಳಗೆ ಉಳಿಯಂಥ ಗಟ್ಟಿ ಕಡ್ಡಿಗಳು ಎರಡಿವೆ. ಕುತ್ತಿಗೆ ಸಪೂರ, ತಲೆ ಅತ್ತಿತ್ತ ಚೆನ್ನಾಗಿ ತಿರುಗುತ್ತದೆ. ಮೀಸೆ ದಾರದಂತೆ ಉದ್ದ. ರೆಕ್ಕೆ ಬಂದಿದ್ದರೆ ಸಾಮಾನ್ಯವಾಗಿ ಎರಡಿಳಿಜಾರಿನ ಮಾಡಿನ ಹಾಗೆ ಮೈಮೇಲೆ ಹೊದ್ದಿರುತ್ತದೆ. ಮೈಯುದ್ದ 1 ಮಿಲಿಮೀಟರಿನಿಂದ 10 ಮಿಲಿಮೀಟರಿನವರೆಗೆ, ನಿಮಗೆ ಸಿಗುವವು ಬಹುಪಾಲು 2ರಿಂದ 5ರೊಳಗೆ.

ಗೊಂದಲ ಮಾಡುವವು ಯಾವುವು? ಗಿಡಹೇನು ಎಳೆ ಚಿಗುರಿನ ಮೇಲೆ ಕೊಂಡಿ ಊರಿ ಕೂತಿರುತ್ತದೆ, ಓಡುವುದಿಲ್ಲ, ಬೆನ್ನ ಹಿಂದೆ ಸಾಮಾನ್ಯವಾಗಿ ಎರಡು ಸಣ್ಣ ಕೊಳವೆ ಇರುತ್ತವೆ. ಮಾವಿನ ಜಿಗಿಹುಳು ಬೆಣೆಯಾಕಾರ, ಮುಟ್ಟಿದರೆ ಪಟ್ಟನೆ ಹಾರುತ್ತದೆ, ಮೀಸೆ ಕೂದಲಿನಷ್ಟು ಚಿಕ್ಕದು. ಶ್ರೀನಿವಾಸಪುರದ ಮಾವಿನ ಬೆಳೆಗಾರರಿಗೆ ಅದರ ಪರಿಚಯ ನಾನು ಮಾಡಿಸಬೇಕಿಲ್ಲ. ಥ್ರಿಪ್ಸ್ ಸಪೂರ ಕಡ್ಡಿಯಂತೆ, ಮೀಸೆ ಗಿಡ್ಡ. ಇವೆಲ್ಲ ಹೀರುವ ಹುಳುಗಳು. ಒಂದನ್ನು ಇನ್ನೊಂದೆಂದು ತಿಳಿದು ಔಷಧಿ ಹೊಡೆದರೆ ದುಡ್ಡೂ ಹೋಯಿತು, ತೊಗಟೆ ಗುಡಿಸುವ ಹುಳುವೂ ಹೋಯಿತು.

ಕಾಂಡಕ್ಕೆಲ್ಲ ತೆಳು ಬಿಳಿ ಬಟ್ಟೆ ಹೊದಿಸಿದಂತೆ ಬಲೆ ಕಂಡರೆ ಜೇಡವೆಂದು ಗುಡಿಸಬೇಡಿ. ತೊಗಟೆಹೇನುಗಳ ಬಾಯಿಂದಲೂ ನೂಲು ಬರುತ್ತದೆ, ಕೆಳದುಟಿಯ ಗ್ರಂಥಿಗಳಿಂದ, ನಮ್ಮ ರೇಷ್ಮೆ ಹುಳುವಿನ ಹಾಗೆಯೇ. ಆರ್ಕಿಪ್ಸೋಸಿಡೇ ಎಂಬ ಕುಟುಂಬದವು ಬಿಸಿನಾಡುಗಳಲ್ಲಿ ನೂರಾರು ಸೇರಿ ಇಡೀ ಕಾಂಡಕ್ಕೆ ನೂಲಿನ ಹೊದಿಕೆ ಹಾಕಿ ಅದರಡಿ ಬಾಳುತ್ತವೆ. ಆದರೆ ಬಲೆ ಹಾಳೆಯಂತಿರದೆ ಬಿರುಕುಗಳ ಉದ್ದಕ್ಕೂ ಸುರಂಗದಂತಿದ್ದರೆ, ಒಳಗಿನ ಹುಳುವಿನ ಮುಂಗಾಲು ಊದಿಕೊಂಡಂತಿದ್ದರೆ, ಅದು ಎಂಬಿಡ್ ಎಂಬ ಬೇರೆಯೇ ಗಣದ ಹುಳು. ಅದು ನೂಲುವುದು ಕಾಲಿನಿಂದ.

ರೆಕ್ಕೆ ಓದುವುದು

ಇಲ್ಲಿಂದ ಮುಂದೆ ಕಷ್ಟ. ಯಾವ ಕುಟುಂಬ ಎಂದು ಹೇಳಲು ರೆಕ್ಕೆಯ ನರಗಳೇ ಬೇಕು. ಹುಳುವನ್ನು ತೆಳು ಗಾಜಿನ ಶೀಶೆಯಲ್ಲಿಟ್ಟು ಹಿಂದಿನಿಂದ ಬೆಳಕು ಬೀಳಿಸಿ ಪಕ್ಕದಿಂದ ಫೋಟೊ ತೆಗೆಯಿರಿ, ಆಮೇಲೆ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ.

ಮುಂರೆಕ್ಕೆಯ ಮುಂದಿನ ಅಂಚಿನಲ್ಲಿ, ತುದಿಗೆ ಹತ್ತಿರ, ದಪ್ಪನೆಯ ಒಂದು ಮಚ್ಚೆಯಂಥ ಖಾನೆ ಇರುತ್ತದೆ. ಅದರ ಎದುರು ಹಿಂದಿನ ಅಂಚಿಗೆ ಬನ್ನಿ. ಅಲ್ಲಿ ಅಂಚಿನಿಂದ ಎದ್ದು ಅಂಚಿಗೇ ಇಳಿಯುವ ಕಮಾನಿನಂಥ ನರ ಇದೆಯೇ? ಈ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ಮುಗಿಯುತ್ತದೆ. ಕಮಾನು ಇದ್ದು ಅದರ ನೆತ್ತಿ ಮೇಲಿನ ನರಕ್ಕೆ ಕೂಡಿಕೊಂಡಿದ್ದರೆ, ಹುಳು ಸ್ವಲ್ಪ ದೊಡ್ಡದಾಗಿ ತೊಗಟೆಯ ಮೇಲೆ ಸಿಕ್ಕಿದ್ದರೆ, ಅದು ಬಹುಪಾಲು ಸೋಸಿಡೇ ಕುಟುಂಬ. ಮಂದೆ ಕಟ್ಟುವ ಮರಿಗಳು ಹೆಚ್ಚಾಗಿ ಇದರವೇ. ಕಮಾನು ಇದ್ದರೂ ಯಾವುದಕ್ಕೂ ಕೂಡದೆ ಒಂಟಿಯಾಗಿದ್ದು, ನರಗಳ ಮೇಲೆ ಕೂದಲಿದ್ದು, ಹಸಿರೆಲೆಯ ಮೇಲೆ ಸಿಕ್ಕಿದ ಹಳದಿ ಅಥವಾ ತಿಳಿಗಂದು ಹುಳುವಾದರೆ ಕೇಸಿಲಿಯುಸಿಡೇ ಇರಬಹುದು. ಕಮಾನೇ ಇಲ್ಲವೇ? ಒಣ ಎಲೆಯಲ್ಲಿ ಸಿಕ್ಕ 2 ಮಿಲಿಮೀಟರಿನ ಹುಳುವಾದರೆ ಎಕ್ಟಾಪ್ಸೋಸಿಡೇ, ತೊಗಟೆಯ ಮೇಲಿನದಾದರೆ ಪೆರಿಪ್ಸೋಸಿಡೇ ಎಂದು ಬರೆದುಕೊಂಡು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ.

ರೆಕ್ಕೆಯ ಮೇಲೆ ಪತಂಗದ ಹಾಗೆ ಹುಡಿ ಇದ್ದು ತುದಿ ಚೂಪಾಗಿದ್ದರೆ ನೀವು ಲೆಪಿಡಾಪ್ಸೋಸಿಡೇ ನೋಡುತ್ತಿದ್ದೀರಿ. ಇವು ಬೇರೆಯೇ ಉಪಗಣ. ಮೀಸೆಯ ಗೆಣ್ಣುಗಳನ್ನು ಎಣಿಸಿ: ಲೆಪಿಡಾಪ್ಸೋಸಿಡೇ ಸೇರಿದ ಟ್ರೋಜಿಯೋಮಾರ್ಫಾ ಉಪಗಣದಲ್ಲಿ 20ಕ್ಕೂ ಹೆಚ್ಚು, ನಮ್ಮ ಮಂದೆಯ ಹುಳುಗಳಿರುವ ಸೋಕೋಮಾರ್ಫಾದಲ್ಲಿ ಸಾಮಾನ್ಯವಾಗಿ 13, ಪುಸ್ತಕಹೇನುಗಳಿರುವ ಟ್ರಾಕ್ಟೋಮಾರ್ಫಾ ಇವೆರಡರ ನಡುವೆ. ಎಣಿಸುವುದಕ್ಕೆ ಮೊದಲು ಮೀಸೆ ತುಂಡಾಗಿಲ್ಲ ಎಂದು ಖಚಿತ ಮಾಡಿಕೊಳ್ಳಿ, ಇವುಗಳ ಮೀಸೆ ಬಹಳ ಬೇಗ ಮುರಿಯುತ್ತದೆ.

ಜಾತಿಯ ಹೆಸರಿಗೆ ಅವಸರ ಮಾಡಬೇಡಿ. ಅದಕ್ಕೆ ಹುಳುವಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ನೋಡಬೇಕಾಗುತ್ತದೆ. ಕುಟುಂಬದ ಹೆಸರನ್ನು ಧೈರ್ಯವಾಗಿ ಹೇಳುವಷ್ಟಾದರೆ ಹವ್ಯಾಸಿಗೆ ಅದು ದೊಡ್ಡ ಗಳಿಕೆ.

ಮರಿಗೆ ರೆಕ್ಕೆಯೇ ಇಲ್ಲವಲ್ಲ, ಮರಿಯನ್ನು ಹೇಗೆ ಗುರುತಿಸುವುದು? ಗುರುತಿಸಲಾಗುವುದಿಲ್ಲ. ಮರಿಗೂ ತಾಯಿಗೂ ಬಣ್ಣ ಒಂದೇ ಇರಬೇಕೆಂದಿಲ್ಲ. ಕಾಂಡದ ಮೇಲೆ ಸಿಗುವವೋ ಹೆಚ್ಚಾಗಿ ಮರಿಗಳೇ. ಆದ್ದರಿಂದ ಸಾಕಬೇಕು. ರೆಕ್ಕೆ ಬರುವವರೆಗೆ ಕಾದು, ಈ ಮರಿ ಈ ಹುಳುವಿನದು ಎಂದು ಕಣ್ಣಾರೆ ಕಂಡು ಜೋಡಿಸಬೇಕು. ನಾನು ಡಬ್ಬಿ ಇಟ್ಟುಕೊಂಡಿರುವುದು ಇದಕ್ಕಾಗಿ. ಈ ಜೋಡಣೆಗೆ ದೊಡ್ಡ ಪ್ರಯೋಗಾಲಯ ಬೇಡ, ದಿನವೂ ಎರಡು ಹೊತ್ತು ನೋಡುವ ಮನುಷ್ಯ ಬೇಕು. ರೇಷ್ಮೆ ಸಾಕಿದ ಮನೆಗಳಲ್ಲಿ ಅಂಥವರು ತುಂಬ ಇದ್ದಾರೆ.

ಸಾಕುವ ಡಬ್ಬಿ

ಮೊದಲ ಸಲ ನಾನು ಶೀಶೆಯ ತಳಕ್ಕೆ ಒದ್ದೆ ಹತ್ತಿ ಹಾಕಿ ಮರಿಗಳನ್ನು ಬಿಟ್ಟೆ. ನಾಲ್ಕನೇ ದಿನ ತೊಗಟೆಗೆಲ್ಲ ಬಿಳಿ ಬೂಷ್ಟು, ಹುಳುಗಳೂ ಬಿಳಿ. ರೇಷ್ಮೆ ಹುಳುವಿಗೆ ಬೂಷ್ಟಿನಿಂದ ಬರುವ ಸುಣ್ಣಕಟ್ಟು ರೋಗದ ತಟ್ಟೆ ಥೇಟ್ ಹೀಗೇ ಇರುತ್ತದೆ. ಎರಡನೇ ಸಲ ಹತ್ತಿ ಹಾಕಲಿಲ್ಲ, ಎರಡೇ ದಿನಕ್ಕೆ ಒಣಗಿ ಸತ್ತವು. ಇಡೀ ಸಾಕಣೆಯ ಗುಟ್ಟು ಈ ಎರಡರ ನಡುವೆ ಇದೆ: ಗಾಳಿಯಲ್ಲಿ ತೇವ ಇರಬೇಕು, ಡಬ್ಬಿಯಲ್ಲಿ ನೀರು ಇರಬಾರದು.

ಯಾಕೆಂದರೆ ಸೋಸಿಡ್‌ಗಳು ಗಾಳಿಯಲ್ಲಿನ ನೀರಾವಿಯನ್ನೇ ಕುಡಿಯಬಲ್ಲವು. ನಾಲಿಗೆಯಂಥ ಭಾಗದ ಕೆಳಗಿರುವ ಎರಡು ಸಣ್ಣ ಫಲಕಗಳನ್ನು ಹೊರಚಾಚುತ್ತವೆ, ಅದರ ಮೇಲಿನ ದ್ರವಕ್ಕೆ ಗಾಳಿಯ ತೇವ ಹಿಡಿದುಕೊಳ್ಳುತ್ತದೆ, ಸಪೂರ ನಾಳಗಳ ಮೂಲಕ ಅದನ್ನು ಒಳಗೆಳೆಯುತ್ತವೆ. ಪುಸ್ತಕಹೇನಿನಲ್ಲಿ ಇದು ನಡೆಯಲು ಗಾಳಿಯ ತೇವ ಸುಮಾರು ಶೇ. 60 ಇರಬೇಕು, ಅದಕ್ಕಿಂತ ಒಣಗಿದರೆ ಮೆಲ್ಲಗೆ ಸಾಯುತ್ತವೆ. ರಾಗಿ ಹಿಟ್ಟಿಗೆ ಹುಳು ಬಿದ್ದರೆ ಬಿಸಿಲಲ್ಲಿ ಹರಡಿ, ಒಣಗಿದ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡಿ ಎಂದು ಅಜ್ಜಿಯರು ಹೇಳುತ್ತಿದ್ದುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಹಾಗಾದರೆ ನೀರಿಲ್ಲದೆ ತೇವ ಹೇಗೆ? ಅಡುಗೆ ಉಪ್ಪಿನಿಂದ. ಉಪ್ಪು ಕರಗುವಷ್ಟೂ ಕರಗಿ ಇನ್ನೂ ಉಳಿದಿರುವ ಗಂಜಿಯೊಂದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗಿನ ಗಾಳಿಯ ತೇವ ಸುಮಾರು ಶೇ. 75ರಲ್ಲಿ ನಿಲ್ಲುತ್ತದೆ, ನಮ್ಮ ಮನೆಗಳ ಬಿಸಿ ಹೆಚ್ಚು ಕಡಿಮೆಯಾದರೂ ಅಷ್ಟಾಗಿ ಬದಲಾಗುವುದಿಲ್ಲ. 100 ಮಿಲಿಲೀಟರ್ ನೀರಿನಲ್ಲಿ ಕರಗುವುದು ಸುಮಾರು 36 ಗ್ರಾಂ ಉಪ್ಪು. ನೀವು 50 ಮಿಲಿಲೀಟರಿಗೆ 60 ಗ್ರಾಂ ಹಾಕಿ ಕಲಸಿ. ಕರಗದ ಉಪ್ಪು ಸದಾ ಕಣ್ಣಿಗೆ ಕಾಣುತ್ತಿರಬೇಕು, ಅದೇ ಗುರುತು.

ಈಗ ಜೋಡಿಸಿ. ಬಿಗಿ ಮುಚ್ಚಳದ ದೊಡ್ಡ ತಿಂಡಿ ಡಬ್ಬಿ ಒಂದು. ಅದರ ಮೂಲೆಯಲ್ಲಿ ಸಣ್ಣ ಬಟ್ಟಲಲ್ಲಿ ಉಪ್ಪಿನ ಗಂಜಿ. ಪಕ್ಕದಲ್ಲಿ ಹುಳುಗಳ ಶೀಶೆಗಳು, ಬೆರಳುದ್ದದ ಅಗಲ ಬಾಯಿಯವು. ಶೀಶೆಯ ಬಾಯಿಗೆ ಎರಡು ಪದರ ಮಲ್ ಬಟ್ಟೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸೊಳ್ಳೆಪರದೆ ಸಾಲದು, ಮೊಟ್ಟೆಯಿಂದ ಆಗಷ್ಟೇ ಬಂದ ಮರಿ ಅದರ ಕಣ್ಣಲ್ಲಿ ನುಸುಳಿ ಹೋಗುತ್ತದೆ. ಹಲವು ಜಾತಿಗಳು ಗಾಜನ್ನೂ ಸಲೀಸಾಗಿ ಹತ್ತುತ್ತವೆ. ದೊಡ್ಡ ಡಬ್ಬಿಯ ಮುಚ್ಚಳವನ್ನು ದಿನಕ್ಕೊಮ್ಮೆ ತೆರೆದು ಎರಡು ನಿಮಿಷ ಗಾಳಿಯಾಡಿಸಿ. ಸಣ್ಣ ಡಿಜಿಟಲ್ ತೇವಮಾಪಕ ಸಿಕ್ಕರೆ ಒಳಗಿಡಿ, ಅಂದಾಜಿನ ಮೇಲೆ ನಂಬಿಕೆ ಇಡಬೇಡಿ.

ಡಬ್ಬಿಗೆ ಬಿಸಿಲು ತಾಗಬಾರದು. ಸೊಳ್ಳೆಬತ್ತಿ, ಇರುವೆ ಚಾಕ್‌ಪೀಸ್, ಊದುಬತ್ತಿ ಯಾವುದೂ ಆ ಕೋಣೆಯಲ್ಲಿ ಬೇಡ. ಇರುವೆಯಂತೂ ಒಂದು ರಾತ್ರಿಯಲ್ಲಿ ಎಲ್ಲ ಹೊತ್ತೊಯ್ಯುತ್ತದೆ. ಹುಳುಮನೆಯ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡುತ್ತೇವಲ್ಲ, ಹಾಗೆಯೇ ಡಬ್ಬಿಯನ್ನು ಒಂದು ಕಲ್ಲಿನ ಮೇಲಿಟ್ಟು ಕಲ್ಲನ್ನು ನೀರು ತುಂಬಿದ ತಟ್ಟೆಯಲ್ಲಿಡಿ.

ಊಟ, ಜ್ವರ, ಮೊಟ್ಟೆ

ತೊಗಟೆಯ ಹುಳುವಿಗೆ ಹಸಿರು ಪುಡಿ ಹತ್ತಿದ ತೊಗಟೆ ಅಥವಾ ಬೆರಳ ಗಾತ್ರದ ಕಡ್ಡಿ ಕೊಡಿ. ಕೆಲವು ಮರಗಳಲ್ಲಿ ಕುಂಕುಮ ಕಲಸಿದ ಅರಿಶಿನದಂಥ ಕಿತ್ತಳೆ ಪುಡಿ ಇರುತ್ತದೆ, ಅದೂ ಪಾಚಿಯೇ. ತಂದ ಕಡ್ಡಿಯನ್ನು ನೆರಳಲ್ಲಿ ಒಂದು ದಿನ ಆರಿಸಿ, ಮಸೂರದಲ್ಲಿ ನೋಡಿ ಜೇಡ, ನುಸಿ, ಹುಳು ತಿನ್ನುವ ಮರಿಗಳನ್ನು ಕುಂಚದಿಂದ ತೆಗೆದು ಆಮೇಲೆ ಒಳಗಿಡಿ. ಎಲೆಯ ಹುಳುವಿಗೆ ಅದು ಸಿಕ್ಕ ಗಿಡದ್ದೇ ಒಣ ಎಲೆ. ಇದರ ಮೇಲೆ ಬೇಕರಿಯವರು ಬಳಸುವ ಒಣ ಈಸ್ಟನ್ನು ಪುಡಿ ಮಾಡಿ ಸೂಜಿಮೊನೆಯಷ್ಟು ಉದುರಿಸಿದರೆ ಹಲವು ಜಾತಿಗಳು ಇಷ್ಟಪಟ್ಟು ತಿನ್ನುತ್ತವೆ. ಚಿಟಿಕೆ ಅಂದರೆ ಹೆಚ್ಚಾಯಿತು, ಉಳಿದ ಈಸ್ಟಿಗೆ ಬೂಷ್ಟು ಬರುತ್ತದೆ, ಬೂಷ್ಟಿನ ಹಿಂದೆ ನುಸಿ ಬರುತ್ತದೆ. ನುಸಿ ಹತ್ತಿದ ಶೀಶೆಯನ್ನು ಸರಿಪಡಿಸಲು ಹೋಗಬೇಡಿ. ಹುಳುಗಳನ್ನು ಒಂದೊಂದಾಗಿ ಕುಂಚದಲ್ಲಿ ಎತ್ತಿ ಹೊಸ ಶೀಶೆಗೆ ಬಿಡಿ, ಹಳೆಯದನ್ನು ಕುದಿನೀರಲ್ಲಿ ಹಾಕಿ.

ಮಂದೆಯ ಜಾತಿಯನ್ನು ಒಂಟಿಯಾಗಿ ಇಡಬೇಡಿ, ಹತ್ತಾದರೂ ಇರಲಿ. ಎಲೆಯ ಹುಳುಗಳಾದರೆ ಒಂದು ಶೀಶೆಗೆ ನಾಲ್ಕೈದು. ಎರಡು ಮರದ ಹುಳುಗಳನ್ನು ಒಂದೇ ಶೀಶೆಯಲ್ಲಿ ಯಾವ ಕಾರಣಕ್ಕೂ ಬೆರೆಸಬೇಡಿ. ಬೆರೆಸಿದರೆ ಯಾವ ಮರಿಗೆ ಯಾವ ರೆಕ್ಕೆ ಬಂತು ಎಂಬ ಲೆಕ್ಕವೇ ತಪ್ಪುತ್ತದೆ.

ರೇಷ್ಮೆ ಹುಳುವಿಗೆ ನಾಲ್ಕು ಜ್ವರ. ತೊಗಟೆಹೇನಿಗೆ ಸಾಮಾನ್ಯವಾಗಿ ಆರು ಮರಿ ಹಂತಗಳು, ಕೆಲವು ಜಾತಿಗಳಲ್ಲಿ ಕಡಿಮೆ. ಗೂಡು ಕಟ್ಟುವುದಿಲ್ಲ, ಕೋಶದ ಹಂತವೂ ಇಲ್ಲ, ಪೊರೆ ಕಳಚುತ್ತ ಕಳಚುತ್ತ ಹುಳು ತಾಯಿಯ ರೂಪಕ್ಕೆ ಬರುತ್ತದೆ. ಕೃಷಿ ಪುಸ್ತಕಗಳಲ್ಲಿ ಇಂಥ ಮರಿಯನ್ನು ಅಪ್ಸರೆ ಎನ್ನುತ್ತಾರೆ. ಪೊರೆ ಬಿಡುವ ಮುಂಚೆ ಹುಳು ಓಡುವುದನ್ನು ನಿಲ್ಲಿಸಿ ಒಂದೆಡೆ ಗಟ್ಟಿಯಾಗಿ ಕಚ್ಚಿಕೊಂಡು ನಿಲ್ಲುತ್ತದೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಿ ಕದಡಬಾರದು ಎಂಬ ನಿಯಮ ಇಲ್ಲಿಗೂ ಸಲ್ಲುತ್ತದೆ. ಆ ಹೊತ್ತಿನಲ್ಲಿ ಶೀಶೆ ಅಲುಗಿಸಿದರೆ ಕಾಲು, ಮೀಸೆ ಪೊರೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಬೆನ್ನು ಸೀಳಿ ಹೊರಬಂದ ಮರಿ ಹಾಲಿನ ಬಣ್ಣಕ್ಕಿರುತ್ತದೆ, ಕೆಲವು ಗಂಟೆಗಳಲ್ಲಿ ಬಣ್ಣ ಏರುತ್ತದೆ. ಕಳಚಿದ ಪೊರೆಯನ್ನು ಕುಂಚದಲ್ಲಿ ತೆಗೆದು ತಾರೀಖು ಬರೆದ ಚೀಟಿಗೆ ಅಂಟಿಸಿಡಿ. ಎಷ್ಟನೇ ಜ್ವರ ಎಂಬ ಲೆಕ್ಕಕ್ಕೆ ಅದೇ ಸಾಕ್ಷಿ.

ಬೆನ್ನ ಮೇಲೆ ರೆಕ್ಕೆಯ ಮೊಗ್ಗುಗಳು ಪೊರೆಯಿಂದ ಪೊರೆಗೆ ಉದ್ದವಾಗುತ್ತ ಬರುತ್ತವೆ. ಕೊನೆಯ ಪೊರೆ ಬಿಟ್ಟ ದಿನ ರೆಕ್ಕೆ ಮುದುಡಿದ ಬಿಳಿ ಬಟ್ಟೆಯಂತಿದ್ದು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಕೂಡಲೇ ಫೋಟೊಗೆ ಓಡಬೇಡಿ. ಒಂದು ದಿನ ಬಿಡಿ, ನರಗಳ ಬಣ್ಣ, ರೆಕ್ಕೆಯ ಮಚ್ಚೆ ತುಂಬಲಿ. ರೆಕ್ಕೆಯಿದ್ದ ದೊಡ್ಡ ಹುಳುವಿನ ನೆತ್ತಿಯಲ್ಲಿ ಮೂರು ಪುಟ್ಟ ಬಿಡಿಗಣ್ಣುಗಳು ಕಾಣುತ್ತವೆ, ಮರಿಯಲ್ಲಿ ಅವು ಇರುವುದಿಲ್ಲ. ನನ್ನ ಡಬ್ಬಿಗಳಲ್ಲಿ ಮೊಟ್ಟೆಯಿಂದ ರೆಕ್ಕೆಗೆ ಒಂದರಿಂದ ಒಂದೂವರೆ ತಿಂಗಳು ಹಿಡಿದಿದೆ, ಚಳಿಗಾಲದಲ್ಲಿ ಇನ್ನೂ ನಿಧಾನ.

ಮೊಟ್ಟೆ ಹುಡುಕುವುದಕ್ಕೆ ತಾಳ್ಮೆ ಬೇಕು. ತೊಗಟೆಯ ಬಿರುಕಿನಲ್ಲಿ, ಎಲೆಯ ನರದ ಪಕ್ಕದಲ್ಲಿ, ಒಂದೊಂದಾಗಿಯೋ ಗುಂಪಾಗಿಯೋ ಇಡುತ್ತವೆ. ಕೆಲವು ಬರಿ ಮೊಟ್ಟೆ ಇಟ್ಟು ಹೋಗುತ್ತವೆ, ಕೆಲವು ಮೇಲೆ ನಾಲ್ಕೆಳೆ ನೂಲು ಹೊದಿಸುತ್ತವೆ, ಇನ್ನು ಕೆಲವು ತಮ್ಮ ಹಿಕ್ಕೆಯನ್ನೇ ಮೆತ್ತಿ ತೊಗಟೆಯೊಂದಿಗೆ ಒಂದಾಗಿಸಿಬಿಡುತ್ತವೆ. ಒಂದೆರಡು ವಾರದಲ್ಲಿ ಮರಿ ಬರುತ್ತದೆ. ಗಂಡೇ ಇಲ್ಲದ ಶೀಶೆಯಲ್ಲಿ ಮೊಟ್ಟೆ ಒಡೆದರೆ ಗಾಬರಿ ಬೇಡ, ಕೆಲವು ಜಾತಿಗಳಲ್ಲಿ ಹೆಣ್ಣುಗಳೇ ಹೆಣ್ಣುಗಳನ್ನು ಹೆರುತ್ತ ಹೋಗುತ್ತವೆ. ಈ ಗುಂಪಿನ ಸಂಸಾರ ಬಲು ಬಗೆಬಗೆಯದು. ಬ್ರೆಜಿಲ್ ದೇಶದ ಗುಹೆಗಳಲ್ಲಿರುವ ನಿಯೊಟ್ರೋಗ್ಲಾ ಎಂಬ ಸೋಸಿಡ್‌ನಲ್ಲಿ ಒಳಸೇರಿಸುವ ಅಂಗ ಹೆಣ್ಣಿಗಿದೆ, ಗಂಡಿಗಿಲ್ಲ ಎಂದು 2014ರಲ್ಲಿ ಜಪಾನ್, ಬ್ರೆಜಿಲ್, ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿದರು. ಅವುಗಳ ಕೂಟ 40ರಿಂದ 70 ಗಂಟೆ ನಡೆಯುತ್ತದೆ.

ಬರೆದಿಡುವುದು

ಪ್ರತಿ ಶೀಶೆಗೂ ಒಂದು ಸಂಖ್ಯೆ, ನೋಟ್‌ಬುಕ್ಕಿನಲ್ಲಿ ಅದೇ ಸಂಖ್ಯೆಗೆ ಒಂದು ಪುಟ. ತಾರೀಖು, ಊರು, ಮರ, ಕಾಂಡವೋ ಕೊಂಬೆಯೋ ಒಣ ಎಲೆಯೋ, ನೆಲದಿಂದ ಎಷ್ಟು ಎತ್ತರ, ಹಿಂದಿನ ವಾರ ಮಳೆ ಬಿತ್ತೇ. ಇಷ್ಟಿಲ್ಲದ ಹುಳುವಿಗೆ ಬೆಲೆಯಿಲ್ಲ. ರೆಕ್ಕೆ ಬಂದವುಗಳಲ್ಲಿ ಎರಡು ಮೂರನ್ನು, ಗಂಡು ಹೆಣ್ಣು ಎರಡೂ ಇರುವಂತೆ, ಶೇ. 70ರಿಂದ 80ರ ಆಲ್ಕೋಹಾಲಿನಲ್ಲಿ ಹಾಕಿಡಿ. ಅದರೊಳಗೆ ಬಣ್ಣ ಮಾಸುತ್ತದೆ, ಹಾಗಾಗಿ ಜೀವಂತವಿದ್ದಾಗಲೇ ಮುಖ, ಪಕ್ಕ, ಬೆನ್ನು ಮೂರೂ ಫೋಟೊ ಆಗಿರಬೇಕು. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಶೀಶೆಯೊಳಗೇ ಮುಳುಗಿಸಿಡಿ, ಪೆನ್ನಿನ ಶಾಯಿ ಕರಗಿ ಹೋಗುತ್ತದೆ. ಉಳಿದವನ್ನು ತಂದ ಮರಕ್ಕೇ ಬಿಟ್ಟುಬನ್ನಿ, ಬೇರೆ ಊರಿನ ಮರಕ್ಕಲ್ಲ. ಫೋಟೊಗಳನ್ನು ಜೀವಿಗಳ ಚಿತ್ರ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಹಾಕಿದರೆ ಬೇರೆ ದೇಶದಲ್ಲಿ ಇದೇ ಹುಳುಗಳನ್ನು ಓದುವವರ ಕಣ್ಣಿಗೂ ಬೀಳುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೊ ಇದೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೀಟಶಾಸ್ತ್ರ ವಿಭಾಗವಿದೆ. ಮರಿ, ಪೊರೆ, ರೆಕ್ಕೆಯ ಹುಳು ಮೂರೂ ಒಂದೇ ಸಂಖ್ಯೆಯಡಿ ಜೋಡಿಸಿಟ್ಟಿದ್ದರೆ ಯಾರ ಮುಂದೆಯಾದರೂ ಧೈರ್ಯವಾಗಿ ಇಡಬಹುದು.

ಒಂದು ದಿನ ಮೊಟ್ಟೆ ಕಪ್ಪಾಗಿ, ಮರಿ ಬಾರದೆ, ಅದರಿಂದ ಧೂಳಿನ ಕಣದಂಥದ್ದೊಂದು ಹಾರಿಬಂದರೆ ಶೀಶೆ ಹಾಳಾಯಿತೆಂದು ಎಸೆಯಬೇಡಿ. ಅದು ಮೈಮರಿಡೇ ಕುಟುಂಬದ ಕಣಜದ ಹುಳು ಇರಬಹುದು, ತೊಗಟೆಹೇನಿನ ಮೊಟ್ಟೆಯೊಳಗೇ ಬೆಳೆಯುವಂಥದ್ದು. ಲೋಕದಲ್ಲಿ ಗೊತ್ತಿರುವ ಅತಿ ಸಣ್ಣ ಕೀಟ ಇದೇ ಬಳಗದ್ದು. ಅಮೆರಿಕದ ಇಲಿನಾಯ್ಸ್‌ನಲ್ಲಿ ಲೆಪಿಡಾಪ್ಸೋಸಿಡೇ ಹುಳುವೊಂದರ ಮೊಟ್ಟೆಯಿಂದ ಬಂದ ಅದರ ಗಂಡು 0.139 ಮಿಲಿಮೀಟರ್ ಉದ್ದ, ಕಣ್ಣಿಲ್ಲ, ರೆಕ್ಕೆಯಿಲ್ಲ. 1997ರಲ್ಲಿ ಅದಕ್ಕೆ ಹೆಸರಿಟ್ಟರು. ನಿಮ್ಮ ಶೀಶೆಯಲ್ಲಿ ಬಂದ ಕಣಜವನ್ನು ಆಲ್ಕೋಹಾಲಿನಲ್ಲಿ ಅದ್ದಿದ ಕುಂಚದ ಮೊನೆಯಿಂದ ಎತ್ತಿ ಬೇರೆ ಶೀಶೆಗೆ ಹಾಕಿ, ಒಡೆದ ಮೊಟ್ಟೆಯ ಸಿಪ್ಪೆಯನ್ನೂ ಅದರ ಜತೆಗಿಡಿ, ತಾಯಿಹುಳುವಿನ ಸಂಖ್ಯೆಯನ್ನೇ ಅದಕ್ಕೂ ಬರೆಯಿರಿ.